ಆ ಏಳುನೂರು ರೂಪಾಯಿ ಯಾರ ಜೇಬಿನಿಂದ ಬಂತು?

ಓದುಗರ ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಮನೆಗೆ ಬೇಕಾದ ಮುಕ್ಕಾಲುಪಾಲು ಸಾಮಾನು ಈಗ ಮೊಬೈಲಿನಲ್ಲೇ ತರಿಸುತ್ತೇನೆ. ನಮ್ಮ ಸೋದರಮಾವನದು ಭಾಂಡೆ, ಮಿಕ್ಸರ್ ಅಂಗಡಿ. ಹೋದ ತಿಂಗಳು ಅವರಲ್ಲಿ 750 ವ್ಯಾಟ್‌ನ ಒಂದು ಮಿಕ್ಸರ್ ಓಡಿಸಿ ನೋಡಿ ಬೆಲೆ ಕೇಳಿದೆ. 4,150 ಅಂದರು. ಮನೆಗೆ ಬಂದು ನೋಡಿದರೆ ಅದೇ ಕಂಪನಿಯದು ಆನ್‌ಲೈನ್‌ನಲ್ಲಿ 3,450. ಇನ್ನೂ ತಗೊಂಡಿಲ್ಲ. 'ಎಲ್ಲಾರೂ ಅಂಗಡ್ಯಾಗ ನೋಡಿ ಫೋನಿನ್ಯಾಗ ತಗೋತೀರಿ, ನಾವು ಬಾಗಲಾ ಹಾಕೋದೊಂದ ಬಾಕಿ' ಅಂತ ಮಾವ ಅಂದ ಮಾತು ತಲೆಯಿಂದ ಹೋಗುತ್ತಿಲ್ಲ. ಕುರ್ತಾ ಬೇಕಾದರೆ ಮೂರು ಸೈಜ್ ತರಿಸಿ ಎರಡು ವಾಪಸ್ ಕಳಿಸುವ ರೂಢಿ ನನಗಿದೆ. ಪಾರ್ಸಲ್ ತರುವ ಹುಡುಗ ಮಟಮಟ ಮಧ್ಯಾಹ್ನ ಮೂರನೇ ಮಹಡಿ ಹತ್ತಿ ಬರುವುದನ್ನು ನೋಡಿದರೆ ಕೆಡುಕೆನಿಸುತ್ತದೆ. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಆನ್‌ಲೈನ್ ಮಾಲೆಲ್ಲ ಸೆಕೆಂಡ್ಸ್ (ಎರಡನೇ ದರ್ಜೆಯದು), ತೆರಿಗೆಯೆಲ್ಲ ಹೊರಗೆ ಹೋಗುತ್ತದೆ, ಅಮೆಜಾನ್ ಬಿಟ್ಟು ಫ್ಲಿಪ್‌ಕಾರ್ಟ್‌ನಲ್ಲಿ ತಗೋ, ಅದು ನಮ್ಮದು. ನನ್ನ ಸಂಬಳದಲ್ಲಿ 700 ರೂಪಾಯಿ ಸಣ್ಣದಲ್ಲ. ಆನ್‌ಲೈನ್ ಕೊಳ್ಳುವುದು ತಪ್ಪೇ? ಪೂರ್ತಿ ಬಿಡಬೇಕೇ?

ಉತ್ತರ: ಪೂರ್ತಿ ಬಿಡಬೇಕಾಗಿಲ್ಲ. ಆದರೆ ನಿಮ್ಮ ಮನಸ್ಸಿಗೆ ಚುಚ್ಚಿದ್ದಕ್ಕೆ ಕಾರಣ ಇದೆ, ಅದನ್ನು ಸುಮ್ಮನೆ ತಳ್ಳಿಹಾಕಲೂಬಾರದು. ನೀವು ಕೇಳಿದ್ದು ಒಂದು ಪ್ರಶ್ನೆಯಾದರೂ ಒಳಗೆ ನಾಲ್ಕಿವೆ: ಮಾವನ ಅಂಗಡಿ, ಕುರ್ತಾ ಹೊಲಿದವರು, ಪಾರ್ಸಲ್ ಹುಡುಗ, ಸ್ಟಾಫ್ ರೂಮಿನ ಮಾತು. ನಾಲ್ಕಕ್ಕೂ ಉತ್ತರ ಬೇರೆ ಬೇರೆ. ಒಂದು ವಸ್ತು ಅಗ್ಗವಾಗಿ ಸಿಕ್ಕಿದೆ ಎಂದರೆ ಆ ಕಡಿಮೆಯಾದ ಹಣವನ್ನು ಯಾರೋ ತುಂಬಿದ್ದಾರೆ. ತುಂಬಿದವರು ಯಾರು ಎಂದು ಗೊತ್ತಾದರೆ ಆ ಖರೀದಿ ಸರಿಯೋ ಅಲ್ಲವೋ ಎಂಬುದು ಬಹಳ ಸಲ ತಾನಾಗೇ ತಿಳಿಯುತ್ತದೆ. ಅದಕ್ಕೇ ಮೊದಲು ನಿಮ್ಮ ಆ 700 ರೂಪಾಯಿಯನ್ನೇ ಬಿಡಿಸಿ ನೋಡೋಣ.

ಮಿಕ್ಸರ್‌ನ ಲೆಕ್ಕ

ಮೊದಲು ಮಾಡೆಲ್ ನಂಬರ್ ಹೊಂದಿಸಿ. ಕಂಪನಿ ಒಂದೇ, ವ್ಯಾಟ್ ಒಂದೇ ಅಂದ ಮಾತ್ರಕ್ಕೆ ಮಿಕ್ಸರ್ ಒಂದೇ ಅಲ್ಲ. ಬಹಳಷ್ಟು ಕಂಪನಿಗಳು ಆನ್‌ಲೈನ್‌ಗೆಂದೇ ಬೇರೆ ಮಾಡೆಲ್ ಮಾಡುತ್ತವೆ. ಹೆಸರಿನ ಕೊನೆಯಲ್ಲಿ ಒಂದಕ್ಷರವೋ ಎರಡಂಕಿಯೋ ಬೇರೆ ಇರುತ್ತದೆ. ನಾಲ್ಕು ಜಾರ್ ಬದಲು ಮೂರು, ಸ್ಟೀಲ್ ಹಿಡಿಕೆ ಬದಲು ಪ್ಲಾಸ್ಟಿಕ್, ಮೋಟಾರ್‌ಗೆ 5 ವರ್ಷದ ವಾರಂಟಿ ಬದಲು 2 ವರ್ಷ, ಹೀಗೆ ವ್ಯತ್ಯಾಸವಿರಬಹುದು. ಡಬ್ಬಿಯ ಅಥವಾ ಮಿಕ್ಸರ್ ತಳದ ಚೀಟಿಯ ಮೇಲಿನ ಪೂರ್ತಿ ನಂಬರನ್ನು ಆನ್‌ಲೈನ್ ಪುಟದ ಕೆಳಭಾಗದಲ್ಲಿರುವ ತಾಂತ್ರಿಕ ವಿವರದ ಜೊತೆ ಅಕ್ಷರಕ್ಕಕ್ಷರ ಹೊಂದಿಸಿ. ಅರ್ಧದಷ್ಟು 'ಭಾರೀ ವ್ಯತ್ಯಾಸ'ಗಳು ಇಲ್ಲೇ ಕರಗುತ್ತವೆ.

ಎರಡನೆಯದು ಬ್ಯಾಂಕ್ ಕಾರ್ಡಿನ ರಿಯಾಯಿತಿ. 3,450 ಎಂದು ಕಂಡ ಬೆಲೆ ನಿಜಕ್ಕೆ 3,790 ಇದ್ದು, ಯಾವುದೋ ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿಗೆ 340 ಕಡಿತ ಎಂದಿರಬಹುದು. ಆ ಕಾರ್ಡ್ ನಿಮ್ಮಲ್ಲಿ ಇಲ್ಲದಿದ್ದರೆ ವ್ಯತ್ಯಾಸ 700 ಅಲ್ಲ, 360. ಮೂರನೆಯದು ಸಗಟು ಖರೀದಿಯ ಲಾಭ: ಸಾವಿರಗಟ್ಟಲೆ ಮಿಕ್ಸರ್ ಒಮ್ಮೆಗೇ ಎತ್ತುವವನಿಗೆ ಕಂಪನಿ ಕೊಡುವ ದರ, ಹನ್ನೆರಡು ಮಿಕ್ಸರ್ ಎತ್ತುವ ನಿಮ್ಮ ಮಾವನಿಗೆ ಸಿಗುವುದಿಲ್ಲ. ಪೇಟೆಯ ನಡುವಿನ ಮಳಿಗೆ ಬಾಡಿಗೆಗಿಂತ ಊರಾಚೆಯ ಗೋದಾಮಿನ ಬಾಡಿಗೆಯೂ ಕಡಿಮೆ. ಈ ಉಳಿತಾಯ ಪ್ರಾಮಾಣಿಕವಾದದ್ದು. ಇದರಿಂದ ಅಗ್ಗವಾದ ವಸ್ತು ಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ.

ನಾಲ್ಕನೆಯದರಲ್ಲಿ ತೊಡಕಿದೆ. ದೊಡ್ಡ ಕಂಪನಿ ವರ್ಷಗಟ್ಟಲೆ ನಷ್ಟ ತಾಳಿಕೊಂಡು ಹೂಡಿಕೆದಾರರ ದುಡ್ಡಿನಿಂದ ಬೆಲೆ ಇಳಿಸಬಲ್ಲದು. ಗದಗದ ಅಂಗಡಿ ಮೂರು ತಿಂಗಳು ನಷ್ಟ ತಾಳಲಾರದು. ನಮ್ಮ ವಿದೇಶಿ ಹೂಡಿಕೆ ನಿಯಮದ ಪ್ರಕಾರ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥವು ಬರೀ ಮಾರುಕಟ್ಟೆಯ ಜಾಗ ಕೊಡಬಹುದು, ಸ್ವಂತ ಮಾಲು ಇಟ್ಟು ಗ್ರಾಹಕರಿಗೆ ನೇರವಾಗಿ ಮಾರುವಂತಿಲ್ಲ, ಬೆಲೆಯನ್ನು ಎಳೆದಾಡುವಂತಿಲ್ಲ. ಆದರೆ ಅಮೆಜಾನ್‌ನಲ್ಲಿ ಅತಿ ದೊಡ್ಡ ಮಾರಾಟಗಾರರಲ್ಲಿ ಒಂದಾಗಿದ್ದ ಕ್ಲೌಡ್‌ಟೇಲ್‌ನಲ್ಲಿ ಅಮೆಜಾನ್‌ಗೇ ಪಾಲಿತ್ತು. 2019ರ ಫೆಬ್ರುವರಿಯಿಂದ ಈ ನಿಯಮ ಬಿಗಿಯಾಯಿತು, 2022ರಲ್ಲಿ ಕ್ಲೌಡ್‌ಟೇಲ್ ವ್ಯವಹಾರ ನಿಲ್ಲಿಸಿತು. ಆಯ್ದ ಮಾರಾಟಗಾರರಿಗೆ ಮಣೆ ಹಾಕುತ್ತಾರೆ, ಅತಿಯಾದ ರಿಯಾಯಿತಿ ಕೊಡಿಸುತ್ತಾರೆ ಎಂಬ ವ್ಯಾಪಾರಿ ಸಂಘಟನೆಯ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಎರಡೂ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತು. ಅದನ್ನು ತಡೆಯುವ ಪ್ರಯತ್ನ ಕರ್ನಾಟಕ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಅಂದರೆ ನಿಮ್ಮ ಮಾವನ ಸಂಕಟ ಬರೀ ಹೊಟ್ಟೆಕಿಚ್ಚಿನ ಮಾತಲ್ಲ.

ಇನ್ನು 4,150ರಲ್ಲಿ ಏನೇನಿದೆ ಎಂದೂ ನೋಡಬೇಕು. ಮಿಕ್ಸರ್ ಓಡಿಸಿ ತೋರಿಸಿದ್ದು ಅದರಲ್ಲಿದೆ. ಎರಡು ವರ್ಷದ ಮೇಲೆ ಜಾರನ್ನು ಮೋಟಾರ್‌ಗೆ ಜೋಡಿಸುವ ರಬ್ಬರ್ ಕಪ್ಲರ್ ಸವೆದು ಸುಟ್ಟ ವಾಸನೆ ಬಂದಾಗ, ಅಥವಾ ಜಾರ್‌ನ ಬುಷ್ ಸಡಿಲಾಗಿ ತಳದಿಂದ ನೀರು ಸೋರಿದಾಗ, ಹತ್ತು ನಿಮಿಷದಲ್ಲಿ ಬದಲಿಸಿ ಕೊಡುವುದೂ ಅದರಲ್ಲಿದೆ. ಕಡೆಗೆ ಒಂದು ಸಣ್ಣ ಸಂಗತಿ ಕೇಳಿ. ಹೆಚ್ಚು ಗಟ್ಟಿಯಾದ ಹಿಟ್ಟು ರುಬ್ಬಿದಾಗ ಮಿಕ್ಸರ್ ಗಪ್ಪನೆ ನಿಲ್ಲುತ್ತದೆ. ಮೋಟಾರ್ ಸುಡದಂತೆ ಕಾಯುವ ಓವರ್‌ಲೋಡ್ ಸ್ವಿಚ್ ಅದನ್ನು ನಿಲ್ಲಿಸಿರುತ್ತದೆ. ಪ್ಲಗ್ ತೆಗೆದು, ಐದು ನಿಮಿಷ ತಣಿಯಲು ಬಿಟ್ಟು, ತಳದಲ್ಲಿರುವ ಸಣ್ಣ ಕೆಂಪು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. ಇದು ಗೊತ್ತಿಲ್ಲದೆ 'ಬಂದ ವಾರಕ್ಕೇ ಕೆಟ್ಟಿತು' ಎಂದು ಮಿಕ್ಸರ್ ವಾಪಸ್ ಕಳಿಸುವವರು ಇದ್ದಾರೆ. ಅಂಗಡಿಯವರಾದರೆ ಫೋನಿನಲ್ಲೇ ಹೇಳಿ ಮುಗಿಸುತ್ತಾರೆ.

ಹಾಗಾದರೆ ಮಾವನಲ್ಲೇ ಕೊಳ್ಳಲೇಬೇಕೇ? ಇಲ್ಲ. ಆದರೆ ಅವರ ಅರ್ಧ ತಾಸು, ಅವರ ಕರೆಂಟು, ಅವರ ತಿಳಿವಳಿಕೆ ಬಳಸಿಕೊಂಡು ಆಮೇಲೆ ಸದ್ದಿಲ್ಲದೆ ಬೇರೆ ಕಡೆ ಕೊಳ್ಳುವುದು ತಪ್ಪೇ. ನಿಮ್ಮ ಇಡೀ ಪತ್ರದಲ್ಲಿ ನಾನು ಅಳುಕಿಲ್ಲದೆ 'ತಪ್ಪು' ಎನ್ನುವುದು ಇದೊಂದಕ್ಕೆ, ಅದನ್ನು ನೀವಿನ್ನೂ ಮಾಡಿಲ್ಲ. ಅಂಗಡಿಗೆ ಹೋಗಿ ಮೊಬೈಲ್ ತೋರಿಸಿ ನೇರವಾಗಿ ಕೇಳಿ: 'ಮಾಮಾ, ಇದೇ ಮಾಡೆಲ್ ಕಾರ್ಡಿಲ್ಲದ 3,790 ಅದ. ನೀವು ಎಷ್ಟಕ್ಕ ಕೊಡ್ತೀರಿ?' ಅವರು 3,900ಕ್ಕೆ ಬರಬಹುದು, ಹಳೇ ಮಿಕ್ಸರ್‌ಗೆ ಒಂದಿಷ್ಟು ಹಿಡಿದುಕೊಳ್ಳಬಹುದು, ಎರಡು ಕಂತಿಗೆ ಒಪ್ಪಬಹುದು. ಬರಲಿಲ್ಲವೆಂದರೆ 'ಆನ್‌ಲೈನ್ ತರಿಸ್ತೀನಿ' ಎಂದು ಹೇಳಿಯೇ ತರಿಸಿ. ಬೇಸರವಾಗುತ್ತದೆ, ಮೋಸವಾಗುವುದಿಲ್ಲ.

ಒಂದು ಎಚ್ಚರಿಕೆ ಅಂಗಡಿಯ ಕಡೆಗೂ ಇದೆ. 'ಬಿಲ್ ಬ್ಯಾಡಂದ್ರ 200 ಕಡಿಮಿ' ಎಂಬ ಮಾತಿಗೆ ಒಪ್ಪಬೇಡಿ. ಬಿಲ್ ಇಲ್ಲದಿದ್ದರೆ ವಾರಂಟಿ ಕೇಳಲು ಆಧಾರವಿಲ್ಲ, ಮಿಕ್ಸರ್ ಮೇಲಿನ ಶೇ 18ರ ಜಿಎಸ್‌ಟಿಯೂ ಸರ್ಕಾರಕ್ಕೆ ಹೋಗುವುದಿಲ್ಲ. ಊರಿನ ಅಂಗಡಿ ಎಂಬ ಕಾರಣಕ್ಕೆ ತೆರಿಗೆ ತಪ್ಪಿಸಿದ ಮಾಲು ನೈತಿಕವಾಗುವುದಿಲ್ಲ.

ಸ್ಟಾಫ್ ರೂಮಿನ ಮೂರು ಮಾತು

'ತೆರಿಗೆ ಹೊರಗೆ ಹೋಗುತ್ತದೆ' ಎಂಬುದು ಜಿಎಸ್‌ಟಿ ಮಟ್ಟಿಗೆ ಸುಳ್ಳು. ಜಿಎಸ್‌ಟಿ ಮಾಲು ಹೊರಟ ಊರಿಗಲ್ಲ, ಬಳಕೆಯಾಗುವ ರಾಜ್ಯಕ್ಕೆ ಸೇರುವ ತೆರಿಗೆ. ಸೂರತ್‌ನ ಮಾರಾಟಗಾರ ಗದಗಕ್ಕೆ ಕಳಿಸಿದ ಬಟ್ಟೆಯ ಮೇಲಿನ ಐಜಿಎಸ್‌ಟಿಯಲ್ಲಿ (ರಾಜ್ಯದಿಂದ ರಾಜ್ಯಕ್ಕೆ ಹೋಗುವ ಮಾಲಿನ ಜಿಎಸ್‌ಟಿ) ರಾಜ್ಯದ ಪಾಲು ಕರ್ನಾಟಕಕ್ಕೇ ಬರುತ್ತದೆ. ಹೊರಗೆ ಹೋಗುವುದು ಬೇರೆಯೇ: ಮಾರಾಟದ ಲಾಭ ಮತ್ತು ಮಾರಾಟಗಾರನಿಂದ ಕಂಪನಿ ಕತ್ತರಿಸಿಕೊಳ್ಳುವ ಶುಲ್ಕ. ಮಾವನಿಗೆ 300 ರೂಪಾಯಿ ಉಳಿಯಿತೆಂದರೆ ಅದು ಬೆಟಗೇರಿಯ ಹಾಲಿನವರಿಗೆ, ಗಿರಣಿಯವರಿಗೆ, ಅಂಗಡಿಯ ಹುಡುಗನ ಪಗಾರಕ್ಕೆ ಹೋಗುತ್ತದೆ. ಈ ವಾದ ಗಟ್ಟಿಯಾದದ್ದು, ತೆರಿಗೆಯ ವಾದ ಅಲ್ಲ.

'ಫ್ಲಿಪ್‌ಕಾರ್ಟ್ ನಮ್ಮದು' ಎಂಬುದು ಹಳೇ ಮಾತು. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು ಹೌದು, ಆದರೆ 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಅದರ ಸುಮಾರು ಶೇ 77ರಷ್ಟು ಪಾಲು ಕೊಂಡಿತು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ನಿಮ್ಮ ಆತಂಕಕ್ಕೆ ಪರಿಹಾರ ಸಿಗುವುದಿಲ್ಲ. ಯಾವ ಆಪ್ ಎಂಬುದಕ್ಕಿಂತ ಆಪ್‌ನೊಳಗಿನ ಮಾರಾಟಗಾರ ಯಾರು ಎಂಬುದನ್ನು ನೋಡಿದರೆ ಹೆಚ್ಚು ಉಪಯೋಗ. 'ಸೋಲ್ಡ್ ಬೈ' ಎಂದು ಬರೆದಿರುವ ಹೆಸರಿನ ಮೇಲೆ ಒತ್ತಿದರೆ ವಿಳಾಸ ಸಿಗಬೇಕು. ಇ-ಕಾಮರ್ಸ್ ನಿಯಮ, 2020ರ ಪ್ರಕಾರ ಅದನ್ನು ತೋರಿಸುವುದು ಕಡ್ಡಾಯ. ಹುಬ್ಬಳ್ಳಿಯ ವ್ಯಾಪಾರಿಯೇ ಅಲ್ಲಿ ಕೂತು ಮಾರುತ್ತಿರುವುದೂ ಉಂಟು. 2023ರ ಅಕ್ಟೋಬರ್ 1ರಿಂದ ತೆರಿಗೆ ಮಿತಿಗಿಂತ ಕಡಿಮೆ ವಹಿವಾಟಿನ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆಯೇ, ಎನ್‌ರೋಲ್‌ಮೆಂಟ್ ನಂಬರ್ ಪಡೆದು, ತಮ್ಮ ರಾಜ್ಯದೊಳಗೆ ಇಂಥ ತಾಣಗಳಲ್ಲಿ ಮಾರಬಹುದು. ಧಾರವಾಡದಲ್ಲಿ ಮನೆಯಲ್ಲೇ ಕಸೂತಿ ಹಾಕುವ ಹೆಣ್ಣುಮಗಳಿಗೆ ಇದು ದೊಡ್ಡ ಅನುಕೂಲ. ದೊಡ್ಡ ತಾಣವನ್ನು ಪೂರ್ತಿ ಬಹಿಷ್ಕರಿಸಿದರೆ ಅವಳ ಅಂಗಡಿಯನ್ನೂ ಬಹಿಷ್ಕರಿಸಿದಂತಾಗುತ್ತದೆ.

'ಮಾಲೆಲ್ಲ ಸೆಕೆಂಡ್ಸ್' ಎಂಬುದು ಅರ್ಧ ಸತ್ಯ. ಒಳ್ಳೇ ಮಾರಾಟಗಾರ ಕಳಿಸುವುದು ಅದೇ ಕಾರ್ಖಾನೆಯ ಮಾಲೇ. ಆದರೆ ಯಾರು ಬೇಕಾದರೂ ಮಾರಾಟಕ್ಕೆ ನಿಲ್ಲಬಹುದಾದ ಕಡೆ ಕಳಪೆಯೂ ನುಸುಳುತ್ತದೆ. 2021ರ ಫೆಬ್ರುವರಿಯಿಂದ ಮನೆಬಳಕೆಯ ಪ್ರೆಷರ್ ಕುಕ್ಕರ್‌ಗೆ ಐಎಸ್ಐ ಗುರುತು ಕಡ್ಡಾಯ. ಆದರೂ ಆಮೇಲೆ ಗುರುತಿಲ್ಲದ ಕುಕ್ಕರ್ ಮಾರಾಟವಾದದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ 1 ಲಕ್ಷ ರೂಪಾಯಿ ದಂಡ ವಿಧಿಸಿ, ಕ್ರಮವಾಗಿ 2,265 ಮತ್ತು 598 ಕುಕ್ಕರ್ ಕೊಂಡವರಿಗೆ ತಿಳಿಸಿ ಹಣ ಹಿಂದಿರುಗಿಸಲು ಆದೇಶಿಸಿತು. ಕುಕ್ಕರ್ ಎಲ್ಲಿಂದ ತಂದರೂ ಐಎಸ್ಐ ಗುರುತಿನ ಮೇಲೆ 'ಐಎಸ್ 2347' ಎಂದೂ ಕೆಳಗೆ 'ಸಿಎಂ/ಎಲ್' ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆಯೂ ಇದೆಯೇ ನೋಡಿ. ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಕುಕ್ಕರ್ ಮೇಲಿರುವ ತಯಾರಕರ ಹೆಸರಿಗೆ ಅದು ಹೊಂದದಿದ್ದರೆ ಸಂಶಯಪಡಿ.

ಮೂರು ತರಿಸಿ ಎರಡು ಕಳಿಸುವುದು

ನಿಮಗೆ ಇದು ಬಹುಶಃ ಸಣ್ಣ ವಿಷಯ. ಸಣ್ಣ ಮಾರಾಟಗಾರರ ಲೆಕ್ಕಪತ್ರ ನೋಡುವ ನನ್ನಂಥವರಿಗೆ ಇದೇ ದೊಡ್ಡದು. 499 ರೂಪಾಯಿಯ ಕುರ್ತಾ ಹೊಲಿಸಿ ಮಾರುವ ಸಣ್ಣ ಘಟಕಕ್ಕೆ ತಾಣದ ಶುಲ್ಕ, ಆ ಶುಲ್ಕದ ಮೇಲಿನ ಜಿಎಸ್‌ಟಿ, ಜಾಹೀರಾತು, ಪ್ಯಾಕಿಂಗ್, ಸಾಗಣೆ ಎಲ್ಲ ಕಳೆದು ಒಂದಕ್ಕೆ 50 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಹೋಗುವ ಸಾಗಣೆಗೆ 60, ಬರುವುದಕ್ಕೆ 80 ಎಂದು ಹಿಡಿಯೋಣ. ಒಂದು ಕುರ್ತಾ ವಾಪಸ್ ಬಂದರೆ 140 ಖರ್ಚು. ನೀವು ಎರಡು ಕಳಿಸಿದಿರಿ, 280. ನೀವು ಇಟ್ಟುಕೊಂಡದ್ದರಿಂದ ಬಂದ 50ನ್ನು ಕಳೆದರೂ ಆತನಿಗೆ 230 ಕೈಬಿಟ್ಟಿತು. ಅಂಕಿಗಳು ತಾಣದಿಂದ ತಾಣಕ್ಕೆ, ತೂಕದಿಂದ ತೂಕಕ್ಕೆ ಬದಲಾಗುತ್ತವೆ. ಕೆಲವು ತಾಣಗಳು ವಾಪಸಾತಿಯ ಖರ್ಚಿನಲ್ಲಿ ಒಂದು ಭಾಗ ತಾವೇ ಹೊರುತ್ತವೆ, ಅಗ್ಗದ ಮಾಲಿನ ಮೇಲಿನ ಕಮಿಷನ್ ಬಿಟ್ಟ ತಾಣಗಳೂ ಇವೆ. ಆದರೆ 'ಫ್ರೀ ರಿಟರ್ನ್' ಎಂಬುದು ನಿಮಗೆ ಮಾತ್ರ ಫ್ರೀ. ಜೊತೆಗೆ ವಾಪಸ್ ಬಂದ ಬಟ್ಟೆ ಮಳೆಗೆ ತೊಯ್ದಿರುತ್ತದೆ, ಟ್ಯಾಗ್ ಕಿತ್ತಿರುತ್ತದೆ, ಪೌಡರ್ ಕಲೆಯಾಗಿರುತ್ತದೆ. ಅದು ಹೊಸದಾಗಿ ಮಾರಾಟವಾಗುವುದಿಲ್ಲ. ಕ್ಯಾಶ್ ಆನ್ ಡೆಲಿವರಿ ಹೇಳಿ ಬಾಗಿಲಲ್ಲಿ 'ಬ್ಯಾಡ' ಎನ್ನುವುದರ ಪರಿಣಾಮವೂ ಇದೇ.

ಮೂರು ಸೈಜ್ ಯಾಕೆ ತರಿಸುತ್ತೀರಿ? ಸೈಜ್ ಪಟ್ಟಿಯ ಮೇಲೆ ನಂಬಿಕೆ ಇಲ್ಲ. ಅದಕ್ಕೆ ಉಪಾಯವಿದೆ. ನಿಮಗೆ ಸರಿಯಾಗಿ ಕೂರುವ ಒಂದು ಕುರ್ತಾ ನೆಲದ ಮೇಲೆ ಚಪ್ಪಟೆ ಹಾಸಿ. ಒಂದು ಕಂಕುಳ ಹೊಲಿಗೆಯಿಂದ ಇನ್ನೊಂದರವರೆಗೆ ಟೇಪ್ ಹಿಡಿದು ಇಂಚಿನಲ್ಲಿ ಅಳೆಯಿರಿ, ಎರಡರಿಂದ ಗುಣಿಸಿ. ಭುಜದಿಂದ ಭುಜಕ್ಕೂ ಅಳೆದುಕೊಳ್ಳಿ. ಈಗ ಪಟ್ಟಿ ನೋಡುವಾಗ ಅದು ಬಟ್ಟೆಯ ಅಳತೆಯೋ ಮೈಯ ಅಳತೆಯೋ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಎಡವುವುದು ಇಲ್ಲೇ. ಮೈಯ ಅಳತೆ ಕೊಟ್ಟಿದ್ದರೆ ಬಟ್ಟೆ ಅದಕ್ಕಿಂತ ಎರಡು ಮೂರು ಇಂಚು ದೊಡ್ಡದಿರುತ್ತದೆ. ನಿಮ್ಮ ಹಳೇ ಕುರ್ತಾದ ಅಳತೆಯನ್ನು ಅದಕ್ಕೆ ಹೊಂದಿಸಿದರೆ ಜೋಲಾಡುವ ಸೈಜ್ ಬರುತ್ತದೆ. ಪಕ್ಕದ ಹೊಲಿಗೆ ಬಿಚ್ಚಿ ಹಿಡಿಸಲು ಬರುವಂತೆ ಸಂಶಯವಿದ್ದಾಗ ಒಂದು ಸೈಜ್ ದೊಡ್ಡದನ್ನೇ ತರಿಸಿ. ಬೆಟಗೇರಿಯಲ್ಲಿ ಹೊಲಿಗೆಯವರಿಗೇನು ಬರವಿಲ್ಲ. ಮಾಲೇ ಹರಿದಿದ್ದರೆ, ಬಣ್ಣ ಬೇರೆ ಬಂದಿದ್ದರೆ, ಚಿತ್ರದಲ್ಲಿದ್ದದ್ದು ಬರದಿದ್ದರೆ ಮಾತ್ರ ಯಾವ ಮುಲಾಜಿಲ್ಲದೆ ವಾಪಸ್ ಕಳಿಸಿ. ಅದು ನಿಮ್ಮ ಹಕ್ಕು, ಮಾರಾಟಗಾರ ಒಲ್ಲೆ ಎನ್ನುವಂತಿಲ್ಲ.

ಪಾರ್ಸಲ್ ತರುವ ಹುಡುಗ

ನಮ್ಮ ಕಡೆಯ ಪಾರ್ಸಲ್ ಹುಡುಗರಲ್ಲಿ ಬಹಳ ಮಂದಿ ತಾಣದ ನೌಕರರಲ್ಲ. ಸ್ಥಳೀಯ ಗುತ್ತಿಗೆದಾರನ ಕೈಕೆಳಗೆ, ಸ್ವಂತ ಬೈಕು, ಸ್ವಂತ ಪೆಟ್ರೋಲು ಹಾಕಿ, ತಲುಪಿಸಿದ ಪಾರ್ಸಲ್ ಲೆಕ್ಕದಲ್ಲಿ ದುಡಿಯುವವರು. ಅದಕ್ಕೇ ನೀವು ಫೋನ್ ಎತ್ತದೆ ಪಾರ್ಸಲ್ ತಿರುಗಿ ಹೋದರೆ ಅನೇಕ ಕಡೆ ಅವರಿಗೆ ಆ ಸುತ್ತಿನ ದುಡಿಮೆಯೇ ಇಲ್ಲ. ಗೋದಾಮಿನ ಒಳಗಿನ ಕಥೆ ನಮಗೆ ಕಾಣುವುದೂ ಇಲ್ಲ. 2024ರ ಜೂನ್‌ನಲ್ಲಿ ಹರಿಯಾಣದ ಮಾನೇಸರದ ಒಂದು ಗೋದಾಮಿನಲ್ಲಿ, ಗುರಿ ಮುಟ್ಟುವವರೆಗೆ ನೀರು, ಶೌಚಕ್ಕೂ ಹೋಗುವುದಿಲ್ಲ ಎಂದು ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದರೆಂಬ ವರದಿಯ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸ್ ಕೊಟ್ಟಿತ್ತು. 'ನಾಳೆಯೇ ಬೇಕು' ಎಂದು ನಾವು ಒತ್ತುವ ಗುಂಡಿಯ ಇನ್ನೊಂದು ತುದಿ ಅಲ್ಲಿದೆ.

ಕರ್ನಾಟಕದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಆಪ್ ಮೂಲಕ ಕೆಲಸಕ್ಕಿಷ್ಟು ಎಂದು ದುಡಿಯುವವರ) ಕಾಯ್ದೆ ಬಂದಿದೆ. ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ತೆಗೆದುಹಾಕುವುದಾದರೆ ಕಾರಣ ಬರೆದು 14 ದಿನ ಮೊದಲೇ ತಿಳಿಸಬೇಕು. ಊಟ, ದಿನಸಿ ತರುವವರ ಜೊತೆ ಇ-ಮಾರುಕಟ್ಟೆ ಮತ್ತು ಸಾಗಣೆಯವರೂ ಇದರಲ್ಲಿ ಬರುತ್ತಾರೆ. ಗುತ್ತಿಗೆದಾರ ನಡುವೆ ಇದ್ದಾಗ ಹೊಣೆ ಯಾರದು ಎಂಬ ಜಗ್ಗಾಟ ಮಾತ್ರ ನಡೆದೇ ಇರುತ್ತದೆ.

ನೀವು ಆನ್‌ಲೈನ್ ಬಿಟ್ಟುಬಿಟ್ಟರೆ ಆ ಹುಡುಗನಿಗೆ ಒಳ್ಳೆಯದಾಗುವುದಿಲ್ಲ, ಒಂದು ಪಾರ್ಸಲ್ ಕಡಿಮೆಯಾಗುತ್ತದೆ ಅಷ್ಟೇ. ಮಾಡಬಹುದಾದದ್ದು ಬೇರೆ ಇದೆ. ಆಪ್‌ನಲ್ಲಿ ವಿಳಾಸದ ಜೊತೆ 'ಶಾಲೆಯ ಎದುರು, ನೀಲಿ ಗೇಟು' ಎಂಬ ಗುರುತು ಕನ್ನಡದಲ್ಲೂ ಬರೆಯಿರಿ. ಶಾಲೆಯ ವೇಳೆಯಲ್ಲಿ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕೆಳಮಹಡಿಯವರ ಹೆಸರು ಕೊಡಿ, ಇಲ್ಲವೇ ಶಾಲೆಯ ವಿಳಾಸಕ್ಕೇ ತರಿಸಿ. ಓಟಿಪಿ ಮೊದಲೇ ತೆರೆದಿಟ್ಟುಕೊಳ್ಳಿ. ಭಾರದ ಪೆಟ್ಟಿಗೆಗೆ ನೀವೇ ಕೆಳಗಿಳಿಯಿರಿ. ಮಾಲು ಕೆಟ್ಟದ್ದು ಬಂದ ಸಿಟ್ಟಿಗೆ ಹುಡುಗನಿಗೆ ಒಂದು ಸ್ಟಾರ್ ಕೊಡಬೇಡಿ. ಆ ರೇಟಿಂಗ್ ಅವನ ಕೆಲಸದ ಮೇಲೇ ಬೀಳುತ್ತದೆ. ವಾರದಲ್ಲಿ ನಾಲ್ಕು ಸಲ ಒಂದೊಂದು ತರಿಸುವ ಬದಲು ಬುಟ್ಟಿಯಲ್ಲಿ ಕೂಡಿಟ್ಟು ಶನಿವಾರ ಒಮ್ಮೆ ತರಿಸಿ. ರಟ್ಟು, ಪ್ಲಾಸ್ಟಿಕ್, ಪೆಟ್ರೋಲು ಮೂರೂ ಉಳಿಯುತ್ತವೆ. ಹೀಗೆ ಕೂಡಿಟ್ಟಾಗ ಶನಿವಾರದ ಹೊತ್ತಿಗೆ ಅರ್ಧ ಸಾಮಾನು ಬೇಡವೇ ಎನಿಸುವುದನ್ನೂ ಬಹಳ ಮಂದಿ ಹೇಳುತ್ತಾರೆ.

ಅಗ್ಗವಾಗಿ ಕೊಳ್ಳಲೇಬಾರದ ಕೆಲವು

ನೀವು ಕೇಳಿಲ್ಲ, ಆದರೆ ನೀವು ನಮ್ಮ ಸೀಮೆಯವರಾದ್ದರಿಂದ ಇದನ್ನು ಹೇಳದೆ ಇರಲಾರೆ. 'ಇಳಕಲ್ ಸೀರೆ 549' ಎಂದು ಕಂಡರೆ ಅದು ಪವರ್‌ಲೂಮಿನ ಪಾಲಿಯೆಸ್ಟರ್ ಎಂದೇ ತಿಳಿಯಿರಿ. ಕೈಮಗ್ಗದ ಇಳಕಲ್‌ನಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಸೆರಗು ಶುರುವಾಗುವ ಗೆರೆಯ ಹಿಂಬದಿಯ ಚಿತ್ರ ಕಳಿಸಿ ಎಂದು ಮಾರಾಟಗಾರನನ್ನು ಕೇಳಿ. ಕಸೂತಿಗೂ ಹಿಂಬದಿಯೇ ಸಾಕ್ಷಿ: ಗವಂತಿ, ಮುರಗಿ ಹೊಲಿಗೆಯಲ್ಲಿ ಗಂಟು ಇರುವುದಿಲ್ಲ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಮಷಿನ್ ಹೊಲಿಗೆಯಾದರೆ ಹಿಂದೆ ಬಾಬಿನ್ ದಾರದ ಒತ್ತು ಸಾಲು, ಅಂಟಿಸಿದ ಬಿಳಿ ಬಟ್ಟೆ ಕಾಣುತ್ತದೆ. ನಕಲಿ ಅಗ್ಗವಾದದ್ದು ನೇಕಾರನ, ಕಸೂತಿಯವಳ ಕೂಲಿಯನ್ನು ಪೂರ್ತಿ ಕೈಬಿಟ್ಟದ್ದರಿಂದ. ಅವರ ಹೆಸರು ಮಾತ್ರ ಉಳಿಸಿಕೊಂಡಿರುತ್ತಾರೆ. ನನಗೆ ಎಲ್ಲಕ್ಕಿಂತ ನೋವಾಗುವುದು ಇದೇ.

ಆಗಸ್ಟ್ ತಿಂಗಳ ಧ್ವಜವೂ ಹೀಗೆಯೇ. ಹುಬ್ಬಳ್ಳಿ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳೇ ಕೂತು ನೂತ ಬಟ್ಟೆಯ ಧ್ವಜ ಹೊಲಿಯುತ್ತಾರೆ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್, ಯಂತ್ರದ ಧ್ವಜಕ್ಕೂ ಒಪ್ಪಿಗೆ ಸಿಕ್ಕ ಮೇಲೆ ಅಲ್ಲಿನ ಕೆಲಸಕ್ಕೆ ಪೆಟ್ಟು ಬಿತ್ತು. ನಿಮ್ಮ ಶಾಲೆಗೆ ಧ್ವಜ ಬೇಕಾದಾಗ ಆಪ್ ತೆರೆಯುವ ಮೊದಲು ಒಂದು ತಾಸಿನ ಹಾದಿಯ ಬೆಂಗೇರಿ ನೆನಪಿರಲಿ. ಬ್ಯಾಡಗಿ ಖಾರದ ಪುಡಿಯೂ ಅಷ್ಟೇ. ಪೊಟ್ಟಣದ ಮೇಲೆ ಹೆಸರಿದ್ದ ಮಾತ್ರಕ್ಕೆ ಒಳಗಿನದು ಬ್ಯಾಡಗಿ ಅಲ್ಲ. ಸುಕ್ಕು ಸುಕ್ಕಾದ 'ಡಬ್ಬಿ' ಮೆಣಸಿನಕಾಯಿಯನ್ನೋ ಉದ್ದನೆಯ 'ಕಡ್ಡಿ' ಮೆಣಸಿನಕಾಯಿಯನ್ನೋ ಕಣ್ಣಾರೆ ನೋಡಿ ತಂದು, ತೊಟ್ಟು ಬಿಡಿಸಿ, ಖಾರದ ಗಿರಣಿಗೆ ಹಾಕಿಸುವುದಕ್ಕಿಂತ ನೆಚ್ಚಿಕೆಯ ದಾರಿ ಇನ್ನೊಂದಿಲ್ಲ.

ಹಾಗೆಂದು ಆನ್‌ಲೈನ್‌ಗೆ ಅದರದೇ ಜಾಗವಿದೆ. ಗದಗದಲ್ಲಿ ಸಿಗದ ಹಳೇ ಮಾಡೆಲ್ ಕುಕ್ಕರ್‌ನ ಗ್ಯಾಸ್ಕೆಟ್, ಅಪ್ಪನಿಗೆ ಬೇಕಾದ ಮಂಡಿಪಟ್ಟಿ, ಮಕ್ಕಳ ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪುಸ್ತಕ, ಇವನ್ನೆಲ್ಲ ನಿರಾಳವಾಗಿ ತರಿಸಿ. ರಿಪೇರಿ ಬರುವ ವಸ್ತು, ತಿನ್ನುವ ವಸ್ತು, ಕೈಯಿಂದ ಮಾಡಿದ ವಸ್ತು ಮಾತ್ರ ಕಣ್ಣೆದುರಿನ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೆಲೆಯ ಸಮಸ್ಯೆಗೆ ಇನ್ನೊಂದು ದಾರಿಯೂ ಇದೆ: ಶಾಲೆಯ ಆರೆಂಟು ಶಿಕ್ಷಕರು ಸೇರಿ ದೀಪಾವಳಿಗೆ ಬೇಕಾದ ಮಿಕ್ಸರ್, ಕುಕ್ಕರ್ ಪಟ್ಟಿ ಮಾಡಿ ಒಂದೇ ಅಂಗಡಿಗೆ ಕೊಡಿ. ಅಷ್ಟೂ ಒಟ್ಟಿಗೆ ಹೋದರೆ ದರ ಇಳಿಯುತ್ತದೆ. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆಪ್‌ನಲ್ಲಿ ಕೊಳ್ಳುವಾಗ

'ಎರಡೇ ಉಳಿದಿವೆ', 'ಇನ್ನು ಹತ್ತು ನಿಮಿಷ' ಎಂಬ ಕೆಂಪು ಅಕ್ಷರಕ್ಕೆ ಗಡಿಬಿಡಿ ಮಾಡಬೇಡಿ. ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ಕೊನೆಯ ಪುಟದಲ್ಲಿ ಹೊಸ ಶುಲ್ಕ ತೋರಿಸುವುದು, ಇಂಥ 13 ಬಗೆಯ ಚಾಲಾಕಿಗಳನ್ನು 2023ರ ನವೆಂಬರ್ 30ರ ಕೇಂದ್ರದ ಮಾರ್ಗಸೂಚಿ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಸಿ ನಿಷೇಧಿಸಿದೆ. ಹಣ ಕಟ್ಟುವ ಮೊದಲು ಬುಟ್ಟಿಯ ಒಂದೊಂದು ಸಾಲನ್ನೂ ಓದಿ. ಹೊಗಳಿಕೆಗಿಂತ ಎರಡು, ಮೂರು ಸ್ಟಾರ್‌ನ ವಿಮರ್ಶೆ ಓದಿ. ವಸ್ತು ಎಲ್ಲಿ ಕೈಕೊಡುತ್ತದೆ ಎಂಬುದು ಅಲ್ಲಿರುತ್ತದೆ. ಮೊದಲ ಸಾಲಿನಲ್ಲಿ ಕಾಣುವುದು ಹೆಚ್ಚಾಗಿ ಹಣ ಕೊಟ್ಟು ಮೇಲೆ ಬಂದದ್ದು, 'ಸ್ಪಾನ್ಸರ್ಡ್' ಎಂಬ ಸಣ್ಣ ಅಕ್ಷರ ನೋಡಿ.

ಬೆಲೆಬಾಳುವ ಪೆಟ್ಟಿಗೆ ಬಂದಾಗ ಮೇಲಿನ ವಿಳಾಸ ಚೀಟಿ, ಸೀಲು, ಒಳಗಿನ ಸೀರಿಯಲ್ ನಂಬರ್ ಕಾಣುವಂತೆ ನಿಲ್ಲಿಸದೆ ವಿಡಿಯೊ ಮಾಡುತ್ತ ತೆರೆಯಿರಿ. ಇನ್‌ವಾಯ್ಸ್ ಅಂದೇ ಇಳಿಸಿಟ್ಟುಕೊಳ್ಳಿ, ಮಾರಾಟಗಾರ ನಾಳೆ ತಾಣ ಬಿಟ್ಟು ಹೋಗಬಹುದು. ತಕರಾರಾದರೆ ಮೊದಲು ಆಪ್‌ನಲ್ಲೇ ದೂರು ಕೊಟ್ಟು ಸಂಖ್ಯೆ ಬರೆದಿಡಿ. ತಾಣದ ಕುಂದುಕೊರತೆ ಅಧಿಕಾರಿ 48 ತಾಸಿನೊಳಗೆ ದೂರು ತಲುಪಿದ್ದನ್ನು ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಮಾರಾಟಗಾರ ಯಾವ ರಾಜ್ಯದವನಾದರೂ ನೀವು ವಾಸವಿರುವ ಗದಗದಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ. ಇನ್‌ವಾಯ್ಸ್, ದೂರಿನ ಸಂಖ್ಯೆ, ಸಂದೇಶಗಳ ಸ್ಕ್ರೀನ್‌ಶಾಟ್, ಆ ವಿಡಿಯೊ ಜೊತೆಗಿಡಿ. ತಕರಾರು ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು.